ಲಾಯ್ಬಿ ಕಲಿಸಿದ ಅಕ್ಕೋರು

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕಾಕಾ ಹಿಡಿದುಕೊಂಡು ಇಳಿದಿದ್ದ ಹಗ್ಗ ಸಡಿಲವಾಯಿತು. ಭಾನುವಾರ ಬೆಳಿಗ್ಗೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿಗೆ ನಾನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಹಗ್ಗ ಸಡಿಲಾದದ್ದು, ಅವನ ಹೆಂಡತಿ, ನಮ್ಮ ಕಾಕು, ಅವನನ್ನು ಕೂಗಿದ್ದು, ಆಮೇಲೆ ಮೊಬೈಲು ನೆಲಕ್ಕೆ ಬಿದ್ದು ಆಕಾಶವನ್ನಷ್ಟೇ ನೋಡುತ್ತ ಇದ್ದದ್ದು, ಎಲ್ಲ ಅದರಲ್ಲಿದೆ. ನಾನು ಅದನ್ನು ಮತ್ತೆ ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ. ಕಣ್ಣು ಮುಚ್ಚಿದರೆ ಸಾಕು, ಹಗ್ಗ ಮತ್ತೆ ಸಡಿಲಾಗುತ್ತದೆ.

ನಾನು ಬದುಕಿದ್ದೇನೆ. ಅದಕ್ಕೆ ಕಾರಣರಾದ ಹೆಂಗಸು ಈ ಬೇಸಿಗೆಯಲ್ಲಿ ಸೊಲ್ಲಾಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಎಂದಾದರೂ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ನಾನು ಹೇಳಿದಾಗ ಅವರು ನಕ್ಕಿದ್ದರು. "ಬರಿ ಬೇಕಾದ್ರ. ಹೆಸರ ಮಾತ್ರ ಹಾಕಬ್ಯಾಡ. ಎಲ್ಲಾ ಶಬ್ದದಾಗ ಮನಶ್ಯಾರ ಹೆಸರ ಭಾಳ ಬಡವ ಶಬ್ದ ಐತಿ ನೋಡವ್ವಾ. ಒಬ್ಬರಿಗೇ ಜೋತ ಬಿದ್ದಿರತೈತಿ, ಅವರು ಹ್ವಾದ್ರ ಅದೂ ಹೋಗತೈತಿ." ಆದ್ದರಿಂದ ಹೆಸರಿಲ್ಲ. ಅವರ ಬಳಿ ಕಲಿತ ಉಳಿದವರೆಲ್ಲ ಮರಾಠಿಯಲ್ಲಿ ಮ್ಯಾಡಂ ಎನ್ನುತ್ತಿದ್ದರು. ನಾನು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ನನ್ನ ಬಾಯಿಗೆ ಬಂದದ್ದು, ಅಲ್ಲಿ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ, ಅಕ್ಕೋರು. ಮೊದಲ ದಿನ ಹಾಗೆ ಕರೆದಾಗ ಅವರು ಓದುತ್ತಿದ್ದ ಪುಸ್ತಕ ಕೆಳಗಿಟ್ಟು, "ಅಯ್ಯ, ಈ ಪ್ಯಾಟ್ಯಾಗ ಆ ಶಬ್ದ ಕೇಳಿ ಎಷ್ಟ ವರ್ಷಾತು! ಇನ್ನೊಮ್ಮೆ ಕರಿ," ಎಂದಿದ್ದರು.

ಅಕ್ಕೋರು ಜರ್ಮನ್ ಕಲಿಸುತ್ತಿದ್ದರು. ತವರು ಮಂಗಳವೇಢೆಯ ಜೋಳದ ಅಡತಿ ವ್ಯಾಪಾರಿಗಳ ಮನೆ, ಗಂಡನ ಮನೆ ಸೊಲ್ಲಾಪುರದ ನೂಲಿನ ವ್ಯಾಪಾರ. ಮದುವೆಗೆ ಮುಂಚೆ ಪುಣೆಯಲ್ಲಿ ಕಲಿತ ಜರ್ಮನ್ನನ್ನು ಗಂಡ ಹೋದ ಮೇಲೆ ಹೊರಗೆ ತೆಗೆದರು. ಕೆಳಗೆ ಅಂಗಡಿ, ಮೇಲೆ ಮನೆ. ಜಿನೆಯ ಮೆಟ್ಟಿಲು ಹತ್ತುವಾಗ ಎರಡೂ ಕಡೆ ನೂಲಿನ ಗಂಟುಗಳು. ಬಣ್ಣದ ವಾಸನೆ ಪಾಠದ ಕೋಣೆಯವರೆಗೂ ಜೊತೆಗೆ ಬರುತ್ತಿತ್ತು. ಆ ಮನೆಯಲ್ಲಿ ಲೆಕ್ಕ ಮರಾಠಿಯಲ್ಲಿ ನಡೆಯುತ್ತಿತ್ತು, ಬೈಗುಳ ಕನ್ನಡದಲ್ಲಿ. ಎರಡರಲ್ಲೂ ಅಕ್ಕೋರದೇ ಮೇಲುಗೈ.

ನಾನು ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ರಫ್ತು ವಿಭಾಗದ ಕೆಲಸಕ್ಕೆ ಸೇರಿದ್ದೆ. ಜರ್ಮನಿಯ ಗಿರಾಕಿಗಳಿಂದ ಬರುವ ಪತ್ರಗಳಿಗೆ ಉತ್ತರ ಬರೆಯಬೇಕಿತ್ತು. ಹೆಚ್ಚಿನವು ತಕರಾರು: ಒಗೆದಾಗ ಕುಗ್ಗಿತು, ಬಣ್ಣ ಬಿಟ್ಟಿತು. ಮೊದಲ ಪತ್ರ ತಂದು ಅವರ ಮುಂದಿಟ್ಟು, ಇದರಲ್ಲಿ ಬೈದಿದ್ದಾರೋ ಹೊಗಳಿದ್ದಾರೋ ತಿಳಿಯುತ್ತಿಲ್ಲ ಎಂದೆ. "ತಡಿ, ಘಾಯಿ ಮಾಡಬ್ಯಾಡ," ಎಂದರು. "ಇಂಥಾ ಉದ್ದನ್ನ ವಾಕ್ಯದಾಗ ಅವರೂ ನಮ್ಮಂಗ, ಕ್ರಿಯಾಪದ ಕಡೀಕ ಇಡ್ತಾರ. ಕಡೀತನಾ ಕಾದಿ ಅಂದ್ರ ಗೊತ್ತಾಗತದ, ಹೊಡದಾರೋ ಮುದ್ದ ಮಾಡ್ಯಾರೋ."

ಅವರ ಪಾಠದ ರೀತಿ ಬೇರೆ ಯಾರಲ್ಲೂ ನಾನು ಕಂಡದ್ದಲ್ಲ. ಒಂದು ಶಬ್ದವನ್ನು ಹಿಡಿದರೆ ಅದು ಎಲ್ಲಿಂದ ಹೊರಟಿತು, ಯಾವ ಮನೆಗೆ ಹೋಗಿ ಉಂಡಿತು, ಎಲ್ಲಿ ಮೈ ಇಳಿದು ಸಣ್ಣಗಾಯಿತು, ಎಲ್ಲವನ್ನೂ ನೆಂಟರ ಸುದ್ದಿಯಂತೆ ಹೇಳುತ್ತಿದ್ದರು. ಏನನ್ನೂ ಬರೆದುಕೊಳ್ಳಲು ಬಿಡುತ್ತಿರಲಿಲ್ಲ. ಶಬ್ದ ಕಿವಿಯಿಂದ ಬಂದದ್ದು, ಕಿವಿಯಿಂದಲೇ ಹೋಗಲಿ ಎನ್ನುತ್ತಿದ್ದರು. ಮಾತಾಡುವಾಗ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡಾಡುತ್ತಿತ್ತು, ಹಿಟ್ಟು ನುಣ್ಣಗಾಗಿದೆಯೇ ಎಂದು ನೋಡುವವರ ಹಾಗೆ.

ಒಂದು ದಿನ ಒಳಗಿನಿಂದ ಒಂದು ಕಡಕ್ ಭಕ್ರಿ, ಒಣಗಿಸಿದ ಜೋಳದ ರೊಟ್ಟಿ, ತಂದು ಮೇಜಿನ ಮೇಲಿಟ್ಟರು. ನಾವು ನಾಲ್ಕೈದು ಮಂದಿ ಇದ್ದೆವು. ಅವರಲ್ಲಿ ಒಬ್ಬ ಹೋಟೆಲಿನ ಸ್ವಾಗತ ಕಟ್ಟೆಯಲ್ಲಿ ಕೆಲಸ ಮಾಡುವವನು, ಬಾಯಾಳಿ.

"ಇಂಗ್ಲಿಷಿನವರು ಲೋಫ್ ಅಂತಾರ. ಜರ್ಮನ್ನರು ಲೈಪ್ ಅಂತಾರ. ಅಂದ್ರ ಏನು?"

"ರೊಟ್ಟಿ, ಮ್ಯಾಡಂ," ಎಂದ ಅವನು.

"ಅಲ್ಲ. ಈಗ ಬರೇ ಒಂದು ಮುದ್ದಿ, ಒಂದು ಗುಂಡು ರೊಟ್ಟಿ. ಮೊದಲ ಇಡೀ ರೊಟ್ಟಿಗೇ ಅದ ಹೆಸರಿತ್ತು. ಆಮ್ಯಾಲ ಬ್ರೆಡ್, ಬ್ರೋಟ್ ಅಂತ ಹೊಸಾ ಶಬ್ದ ಮನಿ ಹೊಕ್ಕು ಯಜಮಾನಕಿ ಮಾಡ್ತು. ಹಳೇದು ಮೂಲಿಗಿ ಸರೀತು." ಹೀಗೆಂದು ಭಕ್ರಿಯ ಒಂದು ಚೂರು ಮುರಿದು ಅಂಗೈಯಲ್ಲಿ ಹಿಡಿದರು. "ತನ್ನ ಮನ್ಯಾಗ ಇಷ್ಟ ಉಳೀತು."

ಆಮೇಲೆ ಅವರು ಸಾಮಿ ಜನರ ಮಾತು ತೆಗೆದರು. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡುಗಳ ಉತ್ತರದ ತುದಿಯಲ್ಲಿ, ಹಿಮಸಾರಂಗಗಳನ್ನು ಸಾಕಿ ಮೀನು ಹಿಡಿದು ಬದುಕಿದ ಜನ. ಅವರ ಭಾಷೆಗೂ ಜರ್ಮನ್ ಮನೆತನದ ಭಾಷೆಗಳಿಗೂ ರಕ್ತಸಂಬಂಧವಿಲ್ಲ, ನಮ್ಮ ಕನ್ನಡಕ್ಕೂ ಮರಾಠಿಗೂ ಇಲ್ಲದ ಹಾಗೆ. ಆದರೆ ನೆರೆಹೊರೆ. ಅವರ ಹಿಮದ ನೆಲದಲ್ಲಿ ಧಾನ್ಯ ಬೆಳೆಯುವುದು ಕಷ್ಟ. ರೊಟ್ಟಿ ತೆಂಕಣ ನೆರೆಯವರಿಂದ ಬಂತು, ಬರುವಾಗ ಹೆಸರನ್ನೂ ತಂದಿತು. ಅವರ ಬಾಯಲ್ಲಿ ಅದು ಲಾಯ್ಬಿ. ಪಕ್ಕದ ಫಿನ್ನರ ಬಾಯಲ್ಲಿ ಲೇಯ್ಪಾ. ಇಬ್ಬರಿಗೂ ಇವತ್ತಿಗೂ ಅದರ ಅರ್ಥ ಇಡೀ ರೊಟ್ಟಿ. ಫಿನ್ನರಲ್ಲಂತೂ ಹೊಟ್ಟೆಪಾಡು ಎಂಬುದಕ್ಕೂ ಅದೇ ಮಾತು.

"ಕೊಟ್ಟವರ ಮನ್ಯಾಗ ಚೂರಾತು. ತಗೊಂಡವರ ಮನ್ಯಾಗ ಇಡೀ ಉಳೀತು. ಹೆಂಗದ?" ಎಂದು ನಮ್ಮ ಮುಖಗಳನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ಒಂದು ರೊಟ್ಟಿಯ ಹೆಸರಿಗೆ ಕಣ್ಣು ತುಂಬಿಕೊಳ್ಳುವವರನ್ನು ನಾನು ಅದೇ ಮೊದಲು ನೋಡಿದ್ದು.

ಆ ಶಬ್ದ ಅವರಿಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಗಂಡ ಇದ್ದ ಕಾಲಕ್ಕೆ ಟವೆಲ್ ಕೊಳ್ಳಲು ಬಂದ ಪರದೇಶಿ ತಂಡದಲ್ಲಿ ನಾರ್ವೆಯ ಒಬ್ಬ ಹೆಂಗಸಿದ್ದಳಂತೆ, ತಾಯಿ ಸಾಮಿ. ಊಟಕ್ಕೆ ಕುಳಿತಾಗ ತಟ್ಟೆಯಲ್ಲಿನ ಭಕ್ರಿಯನ್ನು ಮುಟ್ಟಿ, ತನ್ನ ಅಜ್ಜಿಯೂ ಹೀಗೆ ತೆಳ್ಳಗೆ ದುಂಡಗೆ ಸುಡುತ್ತಿದ್ದಳೆಂದು ಹೇಳಿ, ಲಾಯ್ಬಿ ಎಂದಳು. ಬಡಿಸುತ್ತಿದ್ದ ಅಕ್ಕೋರು ಶೇಂಗಾ ಚಟ್ನಿಯ ಬಟ್ಟಲು ಕೈಯಲ್ಲಿ ಹಿಡಿದೇ ನಿಂತುಬಿಟ್ಟರಂತೆ. ಜರ್ಮನ್ನರ ಲೈಪ್ ಇಷ್ಟು ದೂರ ಹೋಗಿ, ಇಷ್ಟು ದುಂಡಾಗಿ ತಮ್ಮ ಅಡುಗೆಮನೆಗೆ ಬರುತ್ತದೆಂದು ಯಾರು ಎಣಿಸಿದ್ದರು! "ಅತ್ತಿ ಒದರಾಕತ್ತಿದ್ರು, ಚಟ್ನಿ ಹಾಕ ಅಂತ. ನನಗ ಕೇಳಸಲೇ ಇಲ್ಲ," ಎಂದು ಅವರು ನಗುತ್ತಿದ್ದರು.

ಅದೇ ದಿನ ಇನ್ನೊಂದು ಹೇಳಿದರು. ಇಂಗ್ಲಿಷಿನ ಲಾರ್ಡ್ ಎಂಬ ದೊಡ್ಡ ಹೆಸರನ್ನು ಬಿಚ್ಚಿದರೆ ಒಳಗಿರುವುದು ರೊಟ್ಟಿ ಕಾಯುವವನು. ಲೇಡಿ ಎಂದರೆ ರೊಟ್ಟಿಯ ಹಿಟ್ಟು ನಾದುವವಳು.

"ಹಂಗಾದ್ರ ನಮ್ಮವ್ವ ಲೇಡಿ ಏನ್ರಿ ಮ್ಯಾಡಂ?" ಎಂದ ಹೋಟೆಲಿನವನು.

"ಲೇಡಿನ ಮತ್ತ."

"ನಾನು?"

"ನೀ ನಾದೂದಿಲ್ಲ, ಕಾಯೂದೂ ಇಲ್ಲ. ಬರೇ ತಿಂತಿ. ತಿನ್ನವಗೂ ಹಳೇ ಇಂಗ್ಲಿಷಿನ್ಯಾಗ ಶಬ್ದ ಅದ ತಮ್ಮಾ. ರೊಟ್ಟಿ ತಿನ್ನವ ಅಂದ್ರ ಆಳು."

ನಾವು ನಕ್ಕು ಸುಸ್ತಾಗಿದ್ದಾಗ ಅವರು ಆ ಹೋಲಿಕೆ ಹೇಳಿದರು. ಸಾಮಿಗಳ ಬಾಯಲ್ಲಿ ಲಾಯ್ಬಿ ಉಳಿದದ್ದು ಹಗೇವಿನಲ್ಲಿ ಜೋಳ ಉಳಿದ ಹಾಗೆ. ಪೇಟೆಯವರಿಗೆ ಹಗೇವು ಗೊತ್ತಿರಲಿಲ್ಲ; ಮರಾಠಿಯಲ್ಲಿ ಪೇವ ಎಂದ ಮೇಲೂ ಗೊತ್ತಾಗಲಿಲ್ಲ. ಹಗೇವು ಎಂದರೆ ನೆಲದಲ್ಲಿ ತೋಡಿದ ಕಣಜ. ಮೇಲೆ ಒಬ್ಬರು ಇಳಿಯುವಷ್ಟೇ ಇಕ್ಕಟ್ಟಾದ ಬಾಯಿ, ಒಳಗೆ ಗಡಿಗೆಯಂಥ ಹೊಟ್ಟೆ. ಜೋಳ ತುಂಬಿ, ಮೇಲೆ ಹೊಟ್ಟು ಹಾಸಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿಬಿಡುತ್ತಾರೆ. ಒಳಗೆ ಗಾಳಿ ಆಡುವುದಿಲ್ಲ, ಹುಳ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಹಾಗೇ ಇರುತ್ತದೆ.

"ನಮ್ಮ ಹಿತ್ತಲದಾಗ ಇನ್ನೂ ಒಂದ ಐತ್ರಿ ಅಕ್ಕೋರ," ಎಂದೆ ನಾನು. "ಧಾರಣಿ ಬಿದ್ದ ವರ್ಷ ಕಾಕಾ ಹಠಕ್ಕ ಬಿದ್ದು ತುಂಬ್ಯಾನ್ರಿ. ಇನ್ನೂ ತೆಗದಿಲ್ಲ."

ಅವರು ಎದ್ದು ನಿಂತರು. "ತೆಗಿಯೂವಾಗ ನನ್ನ ಕರೀತಿ?" ಎಂದರು. ಮಗುವಿನ ಹಾಗೆ ಎರಡು ಸಲ ಕೇಳಿದರು.

ಊರಿನಲ್ಲಿ ಇದನ್ನು ಹೇಳಿದಾಗ ಕಾಕಾನಿಗೆ ಹಿಗ್ಗು. ಅವನು ನನ್ನ ತಂದೆಯ ತಮ್ಮ, ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ಸೊಲ್ಲಾಪುರದಿಂದ ಜರ್ಮನ್ ಕಲಿಸುವ ಮೇಷ್ಟ್ರಿಣಿ ತನ್ನ ಹಗೇವು ನೋಡಲು ಬರುತ್ತಾರೆಂದರೆ! ಭಾನುವಾರ ಮಾತ್ರ ಅವರಿಗೆ ಬಿಡುವು ಎಂದು, ಇನ್ನೂ ತಡವಾಗಿ ತೆಗೆಯಬೇಕೆಂದಿದ್ದ ಹಗೇವನ್ನು ಶನಿವಾರ ಸಂಜೆಯೇ ಬಾಯಿ ತೆರೆದು ಬಿಟ್ಟ. ತೆರೆದ ಹಗೇವಿಗೆ ತಕ್ಷಣ ಯಾರೂ ಇಳಿಯುವುದಿಲ್ಲ. ಒಂದು ರಾತ್ರಿಯಾದರೂ ಬಾಯಿ ಬಿಟ್ಟುಕೊಂಡು ಅದು ಉಸಿರಾಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ಉರಿದರೆ ಮನುಷ್ಯ ಇಳಿಯಬೇಕು. ಇದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಕಾಕಾನಿಗೂ ಗೊತ್ತಿತ್ತು.

ಅವನಿಗೆ ಗೊತ್ತಿಲ್ಲದ್ದು ಒಂದೇ. ಎಲ್ಲರೂ ಮಲಗಿದ ಮೇಲೆ ಸಣ್ಣ ಮಳೆ ಹನಿಯಿತು. ಕಾಕು ಎದ್ದು, ಜೋಳ ತೋಯ್ದೀತೆಂದು, ಹಗೇವಿನ ಬಾಯಿಗೆ ತಾಡಪತ್ರಿ, ಅಂದರೆ ಟಾರ್ಪಾಲು, ಹೊದಿಸಿ ಸುತ್ತ ಕಲ್ಲು ಹೇರಿದಳು. ಬೆಳಿಗ್ಗೆ ಕಸ ಗುಡಿಸುವಾಗ ತೆಗೆದು ಮಡಚಿಟ್ಟಳು. ಹೇಳುವಂಥ ದೊಡ್ಡ ಮಾತೆಂದು ಅವಳಿಗೆ ಅನ್ನಿಸಲಿಲ್ಲ. ಕಾಳು ಕಾಯುವ ಮನೆಯಲ್ಲಿ ಮಳೆಗೆ ಹೊದಿಸುವುದು ಕೈ ತಾನಾಗಿ ಮಾಡುವ ಕೆಲಸ.

ಅಕ್ಕೋರು ಬೆಳಗಿನ ಎಸ್‌.ಟಿ. ಬಸ್ಸಿಗೆ ಬಂದಿಳಿದರು. ಚಹಾ ಕುಡಿಯುವಷ್ಟೂ ತಾಳ್ಮೆ ಇಲ್ಲದೆ ಹಿತ್ತಲಿಗೆ ನಡೆದರು. ಹಗೇವಿನ ಸುತ್ತ ಒಂದು ಸಲ ಸುತ್ತಿ ಬಂದು, "ದೀಪಾ ಬಿಟ್ಟ ನೋಡೂದಿಲ್ರೇನು?" ಎಂದು ಕೇಳಿದರು.

"ರಾತ್ರಿ ಪೂರಾ ಬಾಯಿ ತಕ್ಕೊಂಡ ಕುಂತೈತ್ರಿ ಅಕ್ಕೋರ," ಎಂದ ಕಾಕಾ, ಅಂಗಿ ತೆಗೆಯುತ್ತ. "ದೀಪಾ ಹಚ್ಚಾಕ ಇದೇನ ಗುಡಿ ಐತೇನ್ರಿ? ನೀವು ನೋಡ್ಕೋತ ನಿಂದರ್ರಿ, ಒಂದ ಬುಟ್ಟಿ ಮುತ್ತಿನಂಥಾ ಜ್ವಾಳಾ ತಂದು ನಿಮ್ಮ ಉಡ್ಯಾಗ ಹಾಕ್ತೀನಿ."

"ಹಗ್ಗಾನರ ನಡಕ್ಕ ಕಟಗೋರಿ."

"ಕಟಗೊಂಡ್ರ ಹೆಂಡ್ತಿ ಎತ್ತ ಎಳದಾಳೋ ಏನೋ," ಎಂದು ಕಾಕಾ ಕಣ್ಣು ಹೊಡೆದು, ಹಗ್ಗವನ್ನು ಬರೇ ಕೈಯಲ್ಲಿ ಹಿಡಿದು ಇಳಿದ. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ವಿಡಿಯೋ ಮಾಡುತ್ತಿದ್ದೆ.

ಹಗ್ಗ ಸಡಿಲವಾಯಿತು. ಕಾಕು ಎರಡು ಸಲ ಕೂಗಿದಳು. ಒಳಗಿನಿಂದ ಏನೂ ಬರಲಿಲ್ಲ. ನಾನು ಮೊಬೈಲು ಬಿಸಾಕಿ ಬಗ್ಗಿ ನೋಡಿದೆ. ಬಾಯಿಯ ನೇರ ಕೆಳಗೆ, ಜೋಳದ ರಾಶಿಯ ಮೇಲೆ ಕಾಕಾನ ಬೆನ್ನು ಕಾಣಿಸಿತು. ಅಲ್ಲಾಡುತ್ತಿರಲಿಲ್ಲ.

ಆ ಕ್ಷಣಕ್ಕೆ ನನಗೆ ಯಾವ ಯೋಚನೆಯೂ ಇರಲಿಲ್ಲ. ಅಲ್ಲೇ ಇದ್ದ ಕಾಕಾನ ಮಗ ಮಲ್ಲು ದಪ್ಪ ಮೈಯವನು, ಆ ಬಾಯಲ್ಲಿ ಸಿಕ್ಕಿಬೀಳುವವನು. ನಾನು ತೆಳ್ಳಗಿದ್ದೆ. ಇಳಿಯಬೇಕಾದವಳು ನಾನೇ ಎಂಬುದು ಯಾರೂ ಹೇಳದೆ ತೀರ್ಮಾನವಾಗಿತ್ತು. ಚಪ್ಪಲಿ ಬಿಟ್ಟು ಒಂದು ಕಾಲು ಒಳಗೆ ಇಳಿಬಿಟ್ಟೆ. ಆಗ ನನ್ನ ಜಡೆಯನ್ನು ಯಾರೋ ಹಿಂದಿನಿಂದ ಜಗ್ಗಿದರು. ನಾನು ಅಂಗಾತ ಬಿದ್ದೆ. ಎದ್ದು ನೋಡುವಷ್ಟರಲ್ಲಿ ಅಕ್ಕೋರು ಹಗೇವಿನ ಬಾಯಿಗೆ ಅಡ್ಡಲಾಗಿ ಬೋರಲು ಮಲಗಿದ್ದರು.

ಎಪ್ಪತ್ತು ದಾಟಿದ ಹೆಂಗಸು. ಬಿಳಿ ಜರಿಯಂಚಿನ ಸೀರೆ ಮಣ್ಣಿನಲ್ಲಿ. ಎರಡೂ ಕೈ ಚಾಚಿ, ಬಾಯಿಯ ಕಲ್ಲಂಚನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದರು. ಒಂದು ಮಾತಾಡಲಿಲ್ಲ. ನನ್ನ ಬದುಕಿನಲ್ಲಿ ನಾನು ಕಂಡ ಜನರಲ್ಲೆಲ್ಲ ಹೆಚ್ಚು ಶಬ್ದ ಗೊತ್ತಿದ್ದವರು ಅವರು. ಆ ಹೊತ್ತು ಅವರ ಬಾಯಿಂದ ಒಂದೇ ಒಂದು ಹೊರಡಲಿಲ್ಲ.

ಮಲ್ಲು ಅವರ ಕಾಲು ಹಿಡಿದು ಎಳೆದ. ನಾನೂ ತೋಳು ಹಿಡಿದು ಎಳೆದೆ. ಅವರು ಏಳಲಿಲ್ಲ. ಕಾಕು ಹುಚ್ಚಿಯ ಹಾಗೆ ಅವರ ಬೆನ್ನಿನ ಮೇಲೆ ಎರಡೂ ಮುಷ್ಟಿಯಿಂದ ಗುದ್ದತೊಡಗಿದಳು. "ಏಳ, ಏಳ ಮುಂಡೆ! ನಿನ್ನ ಗಂಡ ಸತ್ತಂಗ ನನ್ನ ಗಂಡನೂ ಸಾಯ್ಲಿ ಅಂತಿಯೇನ! ಅಂವಾ ಒಳಗ ಬಿದ್ದಾನ, ಬಿಡ, ಬಿಡ!" ಪ್ರತಿ ಗುದ್ದಿಗೂ ಅಕ್ಕೋರ ಗಂಟಲಿನಿಂದ ಹ್ಞಾ ಎಂಬ ಸಣ್ಣ ಸದ್ದು ಬರುತ್ತಿತ್ತು, ಅಷ್ಟೇ. ಕೈ ಸಡಿಲವಾಗಲಿಲ್ಲ.

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಬಹಳವಲ್ಲ. ಗಲಾಟೆ ಕೇಳಿ ಬಾಜೂ ಮನೆಯ ಗಂಡಸರಿಬ್ಬರು ಗೋಡೆ ಜಿಗಿದು ಬಂದರು. ಅವರಲ್ಲಿ ಹಿರಿಯನು ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡ. "ಯಾರೂ ಇಳೀಬ್ಯಾಡ್ರಿ! ಒಳಗ ವಿಷಗಾಳಿ ಐತಿ!" ಎಂದು ಗುಡುಗಿ ಮಲ್ಲುವನ್ನು ಹಿಂದಕ್ಕೆ ತಳ್ಳಿದ. ಆಗ ಅಕ್ಕೋರು ಎದ್ದರು. ಎದ್ದವರು ಮೊದಲು ಮಾಡಿದ್ದು ನನ್ನ ಜಡೆಯನ್ನು ತಮ್ಮ ಎಡಗೈಗೆ ಸುತ್ತಿಕೊಂಡದ್ದು. "ಕೌದಿ," ಎಂದರು. ಅದು ಅವರ ಮೊದಲ ಮಾತು.

ಹೊರಸಿನ ಮೇಲಿದ್ದ ಕೌದಿಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟು, ಮೇಲೆ ಕೆಳಗೆ, ಮೇಲೆ ಕೆಳಗೆ, ಬಾವಿಯಿಂದ ನೀರು ಸೇದುವ ಹಾಗೆ ಸೇದಿದೆವು. ಒಳಗಿನ ಕೆಟ್ಟ ಗಾಳಿಯನ್ನು ಕಲಕಿ ಹೊರಗೆ ತೆಗೆಯುವ ರೀತಿ ಅದು. ಅಕ್ಕೋರೂ ಬಲಗೈಯಿಂದ ಎಳೆಯುತ್ತಿದ್ದರು. ಎಡಗೈಯಲ್ಲಿ ನನ್ನ ಜಡೆ ಹಾಗೇ ಇತ್ತು. ನಾನು ಒಂದು ಹೆಜ್ಜೆ ಮುಂದಿಟ್ಟರೆ ತಲೆ ಹಿಂದಕ್ಕೆ ಹೋಗುತ್ತಿತ್ತು. ಹಳಸಿದ ಹುಳಿವಾಸನೆ ಮುಖಕ್ಕೆ ಹೊಡೆಯಿತು. ಕಂದೀಲು ಬಿಟ್ಟರು, ಆರಿತು. ಮತ್ತೆ ಕೌದಿ. ಮತ್ತೆ ಕಂದೀಲು, ಕುಣಿಯಿತು, ಆರಿತು. ಕಾಕು ನೆಲಕ್ಕೆ ಹಣೆ ಬಡಿದುಕೊಳ್ಳುತ್ತಿದ್ದಳು. ಮುಂದಿನ ಸಲ ದೀಪ ಕಾಕಾನ ಬೆನ್ನಿನ ಹತ್ತಿರಕ್ಕೆ ಹೋಗಿ ನಿಂತಿತು. ಆರಲಿಲ್ಲ.

ಹಗ್ಗವನ್ನು ನನ್ನ ನಡುವಿಗೆ, ತೋಳಿನ ಕೆಳಗೆ, ಅಕ್ಕೋರೇ ಕಟ್ಟಿದರು. ಗಂಟು ಎರಡು ಸಲ ಜಗ್ಗಿ ನೋಡಿದರು. ಆಮೇಲೆಯೇ ಜಡೆ ಬಿಟ್ಟರು. "ಉಸರ ಬಿಗಿ ಹಿಡಿ. ಅವರ ಬಗಲಾಗ ಹಗ್ಗಾ ಹಾಕು, ಬಾ. ಮಾರಿ ನೋಡಬ್ಯಾಡ," ಎಂದರು. ನಾನು ಇಳಿದೆ. ಮುಖ ನೋಡಲಿಲ್ಲ. ಮೊದಲು ಕಾಕಾನನ್ನು ಎಳೆದರು, ಆಮೇಲೆ ನನ್ನನ್ನು. ಮೇಲೆ ಬಂದಾಗ ಕಾಕಾನ ತುಟಿ ನೇರಳೆಯಾಗಿತ್ತು. ಬಾಜೂ ಮನೆಯವನು ಎದೆ ಒತ್ತುತ್ತಿದ್ದ. ಕಾಕಾ ಒಂದು ಸಲ ಕೆಮ್ಮಿದ. ಆ ಕೆಮ್ಮಿನಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಅವನನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಇಟ್ಟರು. ಬಹಳ ದಿನ ನಾಲಿಗೆ ತೊದಲಿತು, ಕೈಯಲ್ಲಿ ತಟ್ಟೆ ನಿಲ್ಲುತ್ತಿರಲಿಲ್ಲ. ಆದರೆ ಬದುಕಿದ. ಒಬ್ಬರ ಹಿಂದೆ ಒಬ್ಬರು ಇಳಿದಿದ್ದರೆ ಎಷ್ಟು ಹೆಣ ತರುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅದೇ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಕು ತಾಡಪತ್ರಿಯ ವಿಷಯ ಹೇಳಿದ್ದು, ಗೋಡೆಯ ಕಡೆ ಮುಖ ಮಾಡಿ. ಆ ದಿನದಿಂದ ಅವಳು ಮಲಗಲಿಲ್ಲ. ನಾನೂ ಮಲಗಲಿಲ್ಲ. ಕಣ್ಣು ಹತ್ತಿದರೆ ಒಂದು ಕಾಲು ಕತ್ತಲಿಗೆ ಇಳಿಯುತ್ತಿತ್ತು, ಜಡೆ ಜಗ್ಗುವವರು ಇರುತ್ತಿರಲಿಲ್ಲ.

ಅಕ್ಕೋರ ಪಕ್ಕೆಯ ಎಲುಬು ಬಿರಿದಿತ್ತು. ಹೇಗಾಯಿತೆಂದು ಕೇಳಿದ ಡಾಕ್ಟರಿಗೆ, ಜಿನೆ ಇಳಿಯುವಾಗ ಬಿದ್ದೆ ಎಂದರು. ಕಾಕು ಅಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು.

ಪಟ್ಟಿ ಬಿಗಿದುಕೊಂಡೇ ಅವರು ಪಾಠ ಮುಂದುವರಿಸಿದರು. ಮೊದಲ ದಿನವೇ ಎಲ್ಲರ ಮುಂದೆ, "ನಾ ಒಂದ ತಪ್ಪ ಹೇಳಿದ್ದೆ, ತಿದ್ದಬೇಕು," ಎಂದರು. "ಲಾಯ್ಬಿ ಹಗೇವಿನ ಜ್ವಾಳಧಂಗ ಉಳೀತು ಅಂದಿದ್ದೆ. ಸುಳ್ಳದು. ಬಾಯಿ ಮುಚ್ಚಿ ಇಟ್ಟದ್ದರಾಗ ಕಾಳು ಉಳೀಬಹುದು. ಶಬ್ದ ಉಳಿಯಂಗಿಲ್ಲ, ಮನಶ್ಯಾನೂ ಉಳಿಯಂಗಿಲ್ಲ. ಆ ಜನಾ ಅದನ್ನ ಮುಚ್ಚಿ ಇಟ್ಟಿಲ್ಲ. ದಿನಾ ಸುಟ್ಟಾರ, ಮುರದಾರ, ಹಸದ ಮಕ್ಕಳಿಗಿ ಕೊಟ್ಟಾರ. ಉಸರಾಡಕೋತ ಉಳದದ ಅದು." ನನಗೆ ಅನ್ನಿಸಿತು, ಎಲುಬು ಮುರಿದುಕೊಂಡು ಬಂದವರು ತಮ್ಮ ಹೋಲಿಕೆ ತಪ್ಪಾಯಿತೆಂದು ಸಂಕಟಪಡುತ್ತಿದ್ದಾರಲ್ಲ, ಇವರನ್ನು ಯಾವ ಮಣ್ಣಿನಿಂದ ಮಾಡಿದ್ದಾರೆ?

ಎಲ್ಲರೂ ಹೋದ ಮೇಲೆ ನಾನು ಉಳಿದೆ. ಅಷ್ಟು ಧೈರ್ಯ ಹೇಗೆ ಬಂತು ಎಂದು ಕೇಳಿದೆ.

"ಮಂಗಳವೇಢಿಯಾಗ ನಾ ಸಣ್ಣಾಕಿ ಇದ್ದಾಗ ನಮ್ಮ ದೊಡ್ಡ ಕಾಕಾ ಹಿಂಗ ಇಳದ. ಹಿಂದ ಇನ್ನೊಬ್ಬ ಕಾಕಾ ಇಳದ. ಅವನ ಹಿಂದ ನಮ್ಮ ಅಣ್ಣ. ನಮ್ಮವ್ವ ಇಳೀಬ್ಯಾಡ್ರೋ ಇಳೀಬ್ಯಾಡ್ರೋ ಅಂತ ಒದರಿದ್ಲು. ಹೆಣ್ಣಮಗಳ ಮಾತ ಯಾರ ಕೇಳ್ತಾರ? ಮಾತಿಗಿ ಯಾರೂ ನಿಂದರಂಗಿಲ್ಲ ಅಂತ ಅವತ್ತ ಗೊತ್ತಾತು. ಅದಕ್ಕ ನಾ ಮಾತಾಡ್ಲಿಲ್ಲ. ಮಲಗಿದೆ."

ಅವರೇ ಮುಂದುವರಿಸಿದರು.

"ಧೈರ್ಯ ಅಂತಿಯಲ್ಲಾ, ಪೂರಾ ಕೇಳು. ಹಗ್ಗಾ ಸಡ್ಲ ಆದ ಕೂಡ್ಲೆ ನಿಮ್ಮ ಕಾಕಾನ್ನ ನಾ ಬಿಟ್ಟೆ. ಅವರು ಹೋದ್ರು ಅಂತ ತಿಳಕೊಂಡೆ. ಉಳದವರನ್ನ ಹಿಡೀಬೇಕು ಅಷ್ಟ ನನ್ನ ತಲ್ಯಾಗ. ನನ್ನ ಸಲುವಾಗಿ ತೆರದ ಹಗೇವದು. ಅದರ ಮ್ಯಾಲ ಮಲಗಿ, ಅವರಿಗಿ ಹೋಗೂ ಅಷ್ಟಿಷ್ಟ ಗಾಳಿನೂ ನಾನ ಮುಚ್ಚಿದೆ."

"ಕಾಕಾ ಬದಕ್ಯಾನಲ್ರೀ ಅಕ್ಕೋರ."

"ಬದಕ್ಯಾರ. ಅದು ಅವರ ಗಟ್ಟಿತನ. ನನ್ನ ಲೆಕ್ಕದಾಗ ನಾ ಅವರನ್ನ ಮಣ್ಣ ಮಾಡಿಬಿಟ್ಟಿದ್ದೆ. ಅವರ ಮಾರಿ ನೋಡಾಕ ಆಗವಲ್ದು ನನಗ. ಅವತ್ತಿಂದ ಒಂದ ರಾತ್ರಿ ಕಣ್ಣ ಮುಚ್ಚಿಲ್ಲ ನಾ."

ಆಸ್ಪತ್ರೆಯಲ್ಲಿ ಅವರು ಒಂದು ಸಲವೂ ಕಾಕಾನ ಮಂಚದ ಹತ್ತಿರ ಹೋಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಕಾಕಾ ನಡೆಯಲು ಶುರು ಮಾಡಿದ ಮೇಲೆ ಒಂದೇ ಹಟ: ಅಕ್ಕೋರ ಮನೆಗೆ ಹೋಗಬೇಕು. ಒಂದು ಮಧ್ಯಾಹ್ನ ಅವನನ್ನು ಜಿನೆಯ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಕಾಕು ಹಿಂದೆ ಬಂದಳು, ಬಾಗಿಲ ಹೊಸ್ತಿಲ ಹತ್ತಿರವೇ ಕುಳಿತಳು. ಅಕ್ಕೋರು ಜೋಕಾಲಿಯ ಮೇಲಿದ್ದರು. ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತರು. ಕಾಕಾನ ಕಡೆ ನೋಡದೆ, ನೆಲ ನೋಡುತ್ತ, ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. "ನಾ ನಿಮ್ಮನ್ನ ಬಿಟ್ಟಿದ್ದೆ," ಎಂದರು.

ಕಾಕಾ ಏನೂ ಅನ್ನದೆ ಎದ್ದುಹೋಗಿದ್ದರೆ ಈ ಹೆಂಗಸು ಉಳಿದ ಬದುಕನ್ನು ಎಚ್ಚರವಾಗಿಯೇ ಕಳೆಯುತ್ತಿದ್ದರು. ಅವನು ತೊದಲುವ ನಾಲಿಗೆಯನ್ನು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

"ಅಕ್ಕೋರ," ಎಂದ. "ನನಗ ಮೊಳಕಾಲ ಸೋತು ಬೀಳೂವಾಗ ಒಂದ ವಿಚಾರ ಬಂತ್ರಿ. ಒಂದ. ಮ್ಯಾಲಿಂದ ಈ ಹುಡುಗಿ ಇಳೀಬಾರದಪಾ ಅಂತ. ಮಲ್ಲ್ಯಾ ಇಳೀಬಾರದು ಅಂತ. ಒದರಬೇಕಂದ್ರ ದನಿ ಹೊರಡವಲ್ದು. ನಾ ಆಡಬೇಕಂದ ಮಾತ ನೀವ ಆಡಿದ್ರಿ."

"ನಾ ಏನೂ ಆಡಿಲ್ಲ," ಎಂದರು ಅಕ್ಕೋರು, ಕೇಳಿಸದಷ್ಟು ಮೆಲ್ಲಗೆ.

"ಆಡಿದ್ರಿ. ನನಗ ಕೇಳಸ್ತು," ಎಂದ ಕಾಕಾ. ಆಮೇಲೆ ತನ್ನ ಹಳೆಯ ದನಿಗೆ ಬಂದು, "ಇನ್ನ ಚಹಾ ಮಾಡಿಸ್ತೀರೋ, ಇಲ್ಲಾ ಮತ್ತೊಮ್ಮೆ ಬಿಡ್ತೀರೋ?" ಎಂದ.

ಅಕ್ಕೋರು ನಕ್ಕರು. ಆಗ ಮೊದಲ ಸಲ ಅವನ ಮುಖ ನೋಡಿದರು. ನಾನು ಚಹಾ ಮಾಡಲು ಒಳಗೆ ಹೋದೆ. ಬಟ್ಟಲು ಹಿಡಿದು ಬರುವಷ್ಟರಲ್ಲಿ ಕೋಣೆಯಲ್ಲಿ ಮಾತಿಲ್ಲ. ಕಾಕಾ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಅಕ್ಕೋರು ಜೋಕಾಲಿಯ ಸರಪಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು, ಬಂದ ಅತಿಥಿಗಳ ಮುಂದೆಯೇ. ಕಾಕು ಹೊಸ್ತಿಲಿನಿಂದ ಎದ್ದು ಬಂದಳು. ಒಂದು ಕೈಯಿಂದ ಅವರ ತಲೆ ಹಿಡಿದು, ಇನ್ನೊಂದರಿಂದ ಕಾಲು ಎತ್ತಿ ಜೋಕಾಲಿಯ ಉದ್ದಕ್ಕೂ ಮಲಗಿಸಿದಳು. ನೋವಿದ್ದ ಪಕ್ಕೆ ಮೇಲಾಗುವಂತೆ ಹೊರಳಿಸಿದಳು. ಮೂಗಿನ ಮೇಲಿನ ಕನ್ನಡಕವನ್ನು, ಹಸುಗೂಸಿನ ಕಣ್ಣಿನ ಕಸ ತೆಗೆಯುವವಳ ಹಾಗೆ, ಎರಡೂ ಕೈಯಿಂದ ತೆಗೆದಳು. ಎಲ್ಲಿಡಬೇಕೆಂದು ತಿಳಿಯದೆ ತನ್ನ ಉಡಿಯಲ್ಲೇ ಇಟ್ಟುಕೊಂಡು ಕೆಳಗೆ ಕುಳಿತಳು, ಜೋಕಾಲಿ ಅಲ್ಲಾಡದಂತೆ ಅದರ ಅಂಚು ಹಿಡಿದು.

ಕೊನೆಯ ಎಸ್‌.ಟಿ. ತಪ್ಪುತ್ತದೆಂದು ಯಾರೂ ಹೇಳಲಿಲ್ಲ. ನಾನು ಗೋಡೆಗೆ ಒರಗಿದೆ. ಕಾಲು ಕತ್ತಲಿಗೆ ಇಳಿಯುವುದನ್ನು ಕಾದೆ. ಇಳಿಯಲಿಲ್ಲ.

ಎಚ್ಚರವಾದಾಗ ಕೆಳಗೆ ಅಂಗಡಿಯ ಷಟರ್ ಎತ್ತುತ್ತಿದ್ದರು. ಕಿಟಕಿಯಲ್ಲಿ ಬಿಸಿಲು. ಕಾಕು ನೆಲದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು, ಕನ್ನಡಕ ಇನ್ನೂ ಉಡಿಯಲ್ಲಿ. ಕಾಕಾ ಯಾವಾಗಲೋ ಎದ್ದು, ಸದ್ದಾದೀತೆಂದು ಚಹಾ ಕೂಡ ಮಾಡಿಕೊಳ್ಳದೆ ಸುಮ್ಮನೆ ಕುಳಿತಿದ್ದ. ಅಕ್ಕೋರು ಜೋಕಾಲಿಯ ಮೇಲೆ ಮೆಲ್ಲಗೆ ಉಸಿರಾಡುತ್ತ ಮಲಗಿದ್ದರು, ಇನ್ನೂ ಎದ್ದಿರಲಿಲ್ಲ.